ಸ್ವಿಚ್ಚಿಗೆ ಅಂಟಿಸಿದ ಅಂಗಿಗುಂಡಿ

ನಮ್ಮ ಎದುರುಮನೆಯ ಬಸ್ ಡ್ರೈವರಣ್ಣನಿಗೆ ಒಂದು ಚಟ. ಕೋಣೆಯಿಂದ ಹೊರಗೆ ಬರುವಾಗ ಅವನ ಕೈ ತಾನಾಗಿಯೇ ಗೋಡೆಗೆ ಹೋಗುತ್ತದೆ. ಟಕ್, ಟಕ್, ಟಕ್. ಫ್ಯಾನು, ದೀಪ, ಪ್ಲಗ್ಗು, ಯಾವುದಿದ್ದರೂ ಆರಿಸಿಯೇ ಆಚೆ ಬರಬೇಕು. ಒಮ್ಮೆ ನನ್ನ ಇಸ್ತ್ರಿ ಅಂಗಡಿಗೆ ಬಟ್ಟೆ ಕೊಡಲು ಬಂದವನು, ಮಾತಾಡುತ್ತಲೇ ನನ್ನ ಇಸ್ತ್ರಿಪೆಟ್ಟಿಗೆಯನ್ನೂ ಆರಿಸಿ ಹೋಗಿದ್ದ, ಮಹಾನುಭಾವ! ತಣ್ಣಗಿನ ಪೆಟ್ಟಿಗೆಯನ್ನು ಅಂಗಿಯ ಮೇಲೆ ಉಜ್ಜಿ ಉಜ್ಜಿ ಕೈ ಸೋತ ಮೇಲೆ ನನಗೆ ಗೊತ್ತಾಯಿತು. ಆವತ್ತು ಬೈದು ನಕ್ಕಿದ್ದೆ. ಈಗ ಆ ಟಕ್ ಸದ್ದು ಕೇಳಿದರೆ ನಗು ಬರುವುದಿಲ್ಲ.

ಅವನ ತಂಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿ ಅವಳಿಗೆ ಕೆಲಸ. ಅವಳ ಹತ್ತಿರ ಒಂದು ಬ್ರೈಲ್ ನೋಟ್‌ಟೇಕರ್ ಇದೆ. ಊಟದ ಡಬ್ಬಿಯಷ್ಟು ಗಾತ್ರ. ಮೇಲೆ ಒತ್ತುವ ಬಟನ್‌ಗಳು, ಅವುಗಳ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಮೊಳೆಗಳು. ಬರೆದದ್ದೆಲ್ಲ ಆ ಮೊಳೆಗಳಲ್ಲಿ ಚುಕ್ಕಿಚುಕ್ಕಿಯಾಗಿ ಎದ್ದು ನಿಲ್ಲುತ್ತದೆ, ಅವಳು ಬೆರಳಾಡಿಸಿ ಓದುತ್ತಾಳೆ. ಪರದೆಯಿಲ್ಲ, ಬೆಳಕಿಲ್ಲ. ನಮ್ಮಂಥವರು ನೋಡಿದರೆ ಅದು ಎಚ್ಚರವಿದೆಯೋ ಮಲಗಿದೆಯೋ ತಿಳಿಯುವುದೇ ಇಲ್ಲ. ಅವರಮ್ಮ ಅದಕ್ಕೆ ಚುಕ್ಕಿಡಬ್ಬಿ ಎಂದು ಹೆಸರಿಟ್ಟಿದ್ದರು.

ಅಮ್ಮ ಟೈಲರ್. ಈ ಬೀದಿಯ ಅರ್ಧ ಜನ ಅವರು ಹೊಲಿದ ಬಟ್ಟೆ ಹಾಕಿಕೊಂಡೇ ಬೆಳೆದವರು. ಎದೆಯ ಕಾಯಿಲೆ ಬಂದು ಹಾಸಿಗೆ ಹಿಡಿದ ಮೇಲೆ ಅವರ ಮಾತು ತುಂಡುತುಂಡಾಯಿತು. ಒಂದು ಮಾತು ಆಡಬೇಕು, ಉಸಿರು ಎಳೆದುಕೊಳ್ಳಬೇಕು, ಆಮೇಲೆ ಇನ್ನೊಂದು.

ಆಗ ತಂಗಿ ಮತ್ತೆ ಕೇಳಿದಳು. "ಅಮ್ಮಾ, ನಂಗೆ ಕಣ್ಣು ಕಾಣಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ, ಆವತ್ತು ನೀನೇನು ಮಾಡ್ದೆ?"

ಇದನ್ನು ಅವಳು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದಳು. "ಹೋಗೇ, ಹಳೇ ಕಥೆ" ಎಂದು ಅಮ್ಮ ಪ್ರತಿ ಸಲವೂ ಮಾತು ಹಾರಿಸುತ್ತಿದ್ದರು. ಈ ಸಲ ಹಾರಿಸಲಿಲ್ಲ.

"ಹೇಳ್ತೀನಿ. ಆದ್ರೆ ನನ್ನ ದನಿ ರೆಕಾರ್ಡ್ ಮಾಡ್ಬೇಡ. ಈ ಗೊರಗೊರ ಸದ್ದು ನಿನ್ನ ಹತ್ರ ಉಳಿಯೋದು ಬೇಡ. ಬರ್ಕೋ."

ತಂಗಿ ಕೆಲಸಕ್ಕೆ ರಜೆ ಹಾಕಿದ್ದಳು. ಮಧ್ಯಾಹ್ನದ ಹೊತ್ತು ಅಮ್ಮ ಸ್ವಲ್ಪಸ್ವಲ್ಪ ಹೇಳುವುದು, ಮಗಳು ಬರೆದುಕೊಳ್ಳುವುದು. ಹುಟ್ಟಿದ ದಿನ, ಹೆಸರಿಟ್ಟ ದಿನ, ಎಲ್ಲ ಬಂತು. ನಡುನಡುವೆ ಅಮ್ಮನಿಗೆ ಜೊಂಪು ಹತ್ತುತ್ತಿತ್ತು. ಡಬ್ಬಿ ಬೀಪ್ ಎಂದರೆ ಬೆಚ್ಚಿಬೀಳುತ್ತಿದ್ದರು. ಅದಕ್ಕೇ ತಂಗಿ ಡಬ್ಬಿಯ ಸದ್ದನ್ನೆಲ್ಲ ನಿಲ್ಲಿಸಿಬಿಟ್ಟಳು. ಗುಂಯ್ ಎಂದು ನಡುಗಿ ಎಚ್ಚರಿಸುವುದನ್ನೂ ನಿಲ್ಲಿಸಿದಳು. ಚಾರ್ಜ್ ಮುಗಿಯುತ್ತಿದೆ ಎಂದು ಹೇಳಲು ಪಾಪ, ಆ ಡಬ್ಬಿಗೆ ಬಾಯೇ ಉಳಿಯಲಿಲ್ಲ.

ಬೆಳಿಗ್ಗೆ ಅಮ್ಮನ ಮಂಚದ ಪಕ್ಕದ ಪ್ಲಗ್ಗಿಗೆ ಅವಳು ಡಬ್ಬಿ ಸಿಕ್ಕಿಸಿ ಸ್ವಿಚ್ಚು ಹಾಕುತ್ತಿದ್ದಳು. ಡ್ಯೂಟಿಗೆ ಹೊರಡುವ ಮುಂಚೆ ಅಣ್ಣ ಅಮ್ಮನ ಹಣೆ ಮುಟ್ಟಿ ನೋಡಲು ಬರುತ್ತಿದ್ದ. ಹೋಗುವಾಗ, ಟಕ್. ತಂಗಿ ಆಮೇಲೆ ಬಂದು ಕೈಯಾಡಿಸಿ ನೋಡಿದರೆ ವೈರು ಡಬ್ಬಿಯಲ್ಲೇ ಇದೆ, ಪ್ಲಗ್ಗೂ ಗೋಡೆಯಲ್ಲೇ ಇದೆ. ಇನ್ನೇನು ಬೇಕು? ಚಾರ್ಜ್ ಆಗುತ್ತಿದೆ ಎಂದುಕೊಂಡಳು.

ಆ ಮಧ್ಯಾಹ್ನ ದಿಂಬಿನ ಕವರು ಕೊಡಲು ಹೋದ ನಾನು ಅಲ್ಲೇ ಕೂತಿದ್ದೆ. ಅಮ್ಮ ಆ ದಿನದ ಮಾತಿಗೆ ಬಂದಿದ್ದರು.

"ಡಾಕ್ಟ್ರು ಹೇಳಿದ್ಮೇಲೆ... ನಿನ್ನ ಎತ್ಕೊಂಡು ಮನೆಗೆ ಬರ್ಲಿಲ್ಲ ಕಣೇ. ಸೀದಾ..."

ತಂಗಿಯ ಬೆರಳ ಕೆಳಗೆ ಮೊಳೆಗಳೆಲ್ಲ ಒಮ್ಮೆಗೇ ಇಳಿದುಹೋದವು. "ಒಂದ್ನಿಮಿಷ ತಡಿಯಮ್ಮ, ಡಬ್ಬಿ ನಿಂತೋಯ್ತು!" ಎಂದು ಎದ್ದಳು. ವೈರು ಮುಟ್ಟಿದಳು, ಪ್ಲಗ್ಗು ಮುಟ್ಟಿದಳು, ಕೊನೆಗೆ ಸ್ವಿಚ್ಚು ಮುಟ್ಟಿದಳು. ಆಫ್. ಒತ್ತಿದಳು. ಪೂರಾ ಬರಿದಾದ ಬ್ಯಾಟರಿ ಒತ್ತಿದ ತಕ್ಷಣ ಏಳುತ್ತದೆಯೇ?

ಅಮ್ಮ ಕಣ್ಣು ಮುಚ್ಚಿದ್ದರು. "ಸುಸ್ತಾಯ್ತು ಮಗಳೇ. ನಾಳೆ ಹೇಳ್ತೀನಿ."

ಮಾರನೆಯ ದಿನ ಅವರಿಗೆ ಮಾತೇ ಹೊರಡಲಿಲ್ಲ. ಆಮೇಲೆ ಹೋಗಿಯೇಬಿಟ್ಟರು.

ಎಲ್ಲ ಮುಗಿದ ಮೇಲೆ ತಂಗಿಯನ್ನು ನೋಡಲು ಅವಳ ಜೊತೆ ಕೆಲಸ ಮಾಡುವ ಗೆಳತಿ ಬಂದಳು. ಅವಳಿಗೂ ಕಣ್ಣಿಲ್ಲ. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ, ಅದಕ್ಕೇ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಾರೆ. ಬಂದವಳೇ ಗೆಳತಿಯ ಕೈ ಹಿಡಿದು ಪಕ್ಕದಲ್ಲಿ ಕೂತಳು.

ಡ್ರೈವರಣ್ಣ ಸಿಡುಕಿದ. "ಎಲ್ಲಾ ಆ ಡಬ್ಬಿ ಮಾಡಿದ್ದು. ಕಳಪೆ ಮಾಲು! ಬೇಕಾದಾಗ ಕೈ ಕೊಡೋ ವಸ್ತು ಇದ್ದರೆಷ್ಟು, ಬಿಟ್ಟರೆಷ್ಟು?"

"ಅಣ್ಣಾ, ಡೀಸೆಲ್ ಮುಳ್ಳು ನೋಡ್ದೆ ಬಸ್ ತೆಗೀತೀರಾ ನೀವು?" ಎಂದಳು ರೇಡಿಯೋ.

"ಅದ್ಹೆಂಗಾಗತ್ತೆ?"

"ಹಂಗೇ ಇದೂ. ನಾನು ಬೆಳಿಗ್ಗೆ ಎದ್ದ ಕೂಡ್ಲೇ ಚಾರ್ಜ್ ಎಷ್ಟಿದೆ ಅಂತ ಡಬ್ಬೀನೇ ಕೇಳ್ತೀನಿ, ಬೆರಳಿಗೆ ಹೇಳತ್ತೆ. ಪ್ಲಗ್ ಹಾಕಿದ್ಮೇಲೂ ಇನ್ನೊಂದ್ಸಲ ಕೇಳ್ತೀನಿ, ಚಾರ್ಜ್ ಆಗ್ತಿದ್ಯಾ ಇಲ್ವಾ ಅಂತ. ವೈರ್ ಇದ್ದ ಮಾತ್ರಕ್ಕೆ ಕರೆಂಟ್ ಇರತ್ತಾ?" ಆಮೇಲೆ ಗೆಳತಿಯ ಕಡೆ ತಿರುಗಿದಳು. "ಸದ್ದು ನಿಲ್ಸಿದ್ದು ಸರಿ ಕಣೇ. ನಡುಗೋದನ್ನಾದ್ರೂ ಇಟ್ಕೋಬೇಕಿತ್ತು. ಬ್ಲೂಟೂತ್, ವೈಫೈ ಆಫ್ ಮಾಡಿದ್ಯಾ?"

"ಇಲ್ಲ. ಫೋನಿಗೆ ಸೇರಿಸಿದ್ದು ಹಂಗೇ ಇತ್ತು."

"ನೋಡು, ಅದು ಸುಮ್ಮನೆ ಬ್ಯಾಟರಿ ಹೀರ್ತಾ ಕೂತಿರತ್ತೆ. ಬೇಕಾದಾಗ ಹಾಕ್ಕೋ, ಆಮೇಲೆ ತೆಗಿ."

"ನೀನು ಹೇಳೋದೆಲ್ಲ ಸರಿ," ಎಂದಳು ತಂಗಿ. "ಆದ್ರೆ ಪ್ಲಗ್ ಹಾಕಿದ್ದೆ ಕಣೇ. ಸ್ವಿಚ್ ಆಫ್ ಆಗಿತ್ತು."

ಯಾರು ಆಫ್ ಮಾಡಿದರು ಎಂದು ಅವಳು ಹೇಳಲಿಲ್ಲ. ಇಷ್ಟು ದಿನವೂ ಹೇಳಿರಲಿಲ್ಲ. ಡ್ರೈವರಣ್ಣ ತನ್ನ ಬಲಗೈಯನ್ನೇ ನೋಡುತ್ತಾ ಗೋಡೆಗೆ ಒರಗಿದ.

"ದೀಪ ಇರ್ಲಿಲ್ಲ ಪುಟ್ಟೀ... ಡಬ್ಬಿ ಆಫ್ ಇದೆ ಅನ್ಕೊಂಡೆ... ಸುಮ್ನೆ ಕರೆಂಟ್ ಯಾಕೆ ಅಂತ..."

"ನಿಂದಲ್ಲ ಅಣ್ಣ. ಡಬ್ಬಿ ನಿಂತ್ರೆ ನಿಲ್ಲಲಿ ಅಂತ ಬಿಟ್ಟು ಅಮ್ಮ ಹೇಳೋದನ್ನ ಕೇಳ್ಬೇಕಿತ್ತು ನಾನು. ನಾನೇ ಅವಳನ್ನ ತಡಿ ಅಂದೆ." ಅಷ್ಟು ಹೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣನೂ ಅತ್ತ. ನಾನೂ ಸೆರಗು ಬಾಯಿಗೆ ಒತ್ತಿಕೊಂಡೆ.

"ಡಾಕ್ಟ್ರ ಹತ್ರದಿಂದ ಅಮ್ಮ ಸೀದಾ ಎಲ್ಲಿಗೆ ಹೋದ್ಲು ಅಣ್ಣ? ನಿಂಗೇನಾದ್ರೂ ಗೊತ್ತಾ?" ಎಂದು ತಂಗಿ ಕೇಳಿದಳು.

"ನಾನಾಗ ಅಜ್ಜಿ ಮನೇಲಿದ್ದೆ ಪುಟ್ಟೀ," ಎಂದ ಅವನು.

ಡಬ್ಬಿಯನ್ನು ಇನ್ನು ಬೀರುವಿನಲ್ಲಿ ಜೋಪಾನವಾಗಿ ಎತ್ತಿಡೋಣ, ಮುಟ್ಟುವುದೇ ಬೇಡ ಎಂದ ಅಣ್ಣ. ರೇಡಿಯೋ ಗದರಿದಳು. "ಖಾಲಿ ಬ್ಯಾಟರೀನ ತಿಂಗಳುಗಟ್ಲೆ ಹಂಗೇ ಇಟ್ರೆ ಅದು ಮತ್ತೆ ಏಳೋದೇ ಇಲ್ಲ. ಇಡೋದಾದ್ರೂ ಅರ್ಧ ಚಾರ್ಜ್ ಮಾಡಿ ಇಡಿ, ಆಗಾಗ ತೆಗೆದು ನೋಡಿ. ಬಿಸಿಲಲ್ಲಿ, ಒಲೆ ಹತ್ರ ಇಡ್ಬೇಡಿ. ಅದ್ರ ಚಾರ್ಜರ್ರೇ ಹಾಕಿ, ಸಿಕ್ಕಿದ್ದೆಲ್ಲ ಬೇಡ. ಬರೆದದ್ದನ್ನ ಇನ್ನೊಂದು ಕಡೆ ಕಾಪಿ ಮಾಡ್ಕೊಳ್ಳಿ. ಅಮ್ಮ ಹೇಳಿದಷ್ಟಾದ್ರೂ ಉಳೀಲಿ."

ಅಣ್ಣ ಎದ್ದುಹೋಗಿ ಅಮ್ಮನ ಹೊಲಿಗೆ ಮಿಷನ್ನಿನ ಡ್ರಾಯರು ತೆಗೆದ. ಒಂದು ದಪ್ಪ ಅಂಗಿಗುಂಡಿ ಆರಿಸಿ, ಮಂಚದ ಪಕ್ಕದ ಆ ಸ್ವಿಚ್ಚಿನ ಮೇಲೆ, ಆನ್ ಮಾಡುವ ಬದಿಗೆ ಅಂಟಿಸಿದ. ತಂಗಿ ಬೆರಳಿಟ್ಟರೆ, ಗುಂಡಿ ತಗ್ಗಿದ್ದರೆ ಆನ್, ಎದ್ದಿದ್ದರೆ ಆಫ್ ಎಂದು ತಿಳಿಯಬೇಕು, ತನ್ನ ಕೈ ಹೋದರೆ ಮುಟ್ಟಿ ಹಿಂದೆ ಬರಬೇಕು. ಈಗಲೂ ಅವನ ಕೈ ಗೋಡೆಗೆ ಹೋಗುತ್ತದೆ. ಗುಂಡಿ ತಾಗಿದರೆ ನಿಲ್ಲುತ್ತದೆ. "ಪುಟ್ಟೀ, ಆರಿಸ್ಲಾ?" ಎಂದು ಕೇಳುತ್ತಾನೆ.

ಚುಕ್ಕಿಡಬ್ಬಿ ಈಗ ಚೆನ್ನಾಗಿಯೇ ನಡೆಯುತ್ತಿದೆ. ಅಮ್ಮ ಹೇಳಿದ್ದೆಲ್ಲ ಅದರಲ್ಲಿದೆ. ತಂಗಿ ಆಗಾಗ ತೆಗೆದು ಓದುತ್ತಾಳೆ, 'ಸೀದಾ' ಎನ್ನುವಲ್ಲಿಗೆ ಬಂದು ಬೆರಳು ನಿಲ್ಲಿಸುತ್ತಾಳೆ. ಅದರ ಮುಂದೆ ಮೊಳೆಗಳು ಏಳುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಗಾದೆ ನಿಮ್ಮ ಮನೆಗೆ ಬರುವುದು ಬೇಡ. ಇಂಥ ಡಬ್ಬಿ ಬಳಸುವವರೇ, ಬರೆಯಲು ಕೂರುವ ಮುಂಚೆ ಚಾರ್ಜ್ ಎಷ್ಟಿದೆ ಎಂದು ಕೇಳಿಕೊಳ್ಳಿ. ಅದು ನಿಮ್ಮನ್ನು ಎಚ್ಚರಿಸುವ ಒಂದು ದಾರಿಯನ್ನಾದರೂ ತೆರೆದಿಡಿ. ಕಣ್ಣಿರುವ ಅಣ್ಣಂದಿರೇ, ಅಕ್ಕಂದಿರೇ, ದೀಪ ಕಾಣಲಿಲ್ಲವೆಂದು ಸ್ವಿಚ್ಚು ಆರಿಸಬೇಡಿ, ಒಂದು ಮಾತು ಕೇಳಿ ಆರಿಸಿ. ಇಷ್ಟೆಲ್ಲ ಮಾಡಿಯೂ ಒಂದು ದಿನ ಡಬ್ಬಿ ನಿಂತರೆ, ನಿಲ್ಲಲಿ ಬಿಡಿ. ಎದುರಿಗೆ ಮಾತಾಡುತ್ತಿರುವವರನ್ನು ಮಾತ್ರ ತಡಿ ಎನ್ನಬೇಡಿ.