ಹಿಂದಿನ ಕೋಣೆಯ ಬಾಡಿಗೆದಾರ

ಊರಿನ ಆಡಳಿತ ನೋಡುವ ಕೌನ್ಸಿಲ್‌ನ ಕಚೇರಿಗೆ ಹೋಗಬೇಕಾದ ದಿನ ನೋರೀನ್ ಬ್ಲಾಂಚರ್ಡ್ ಬಸ್ಸು ಹತ್ತಲಿಲ್ಲ. ಬಸ್ಸಿನಲ್ಲಿ ಗುರುತಿನವರು ಸಿಗುತ್ತಾರೆ, ಎಲ್ಲಿಗೆ ಹೊರಟೆ ಅಂತ ಕೇಳುತ್ತಾರೆ. ಹಳೇ ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ದಾರಿ ಹಿಡಿದು, ಬಂದರಿನ ಗಾಳಿಗೆ ಮುಖ ಕೊಟ್ಟು ನಡೆದೇ ಹೋದಳು. ಇಂಗ್ಲೆಂಡಿನ ಮೀನುಗಾರರ ಊರು ಗ್ರಿಮ್ಸ್‌ಬಿಯಲ್ಲೇ ಹುಟ್ಟಿ ಬೆಳೆದು ಅರವತ್ತರ ಹತ್ತಿರ ಬಂದವಳಿಗೆ ಆ ಕಟ್ಟಡದ ಗಾಜಿನ ಬಾಗಿಲು ಇಷ್ಟು ಭಾರವಿದೆ ಅಂತ ಅವತ್ತೇ ಗೊತ್ತಾದದ್ದು.

ಮೀನು ಪ್ಯಾಕ್ ಮಾಡುವ ಕಾರ್ಖಾನೆ ಮುಚ್ಚಿದ ಮೇಲೆ ಅವಳು ಒಂದು ಶಾಲೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಆ ಸಂಬಳ ಹೊಟ್ಟೆಗಾದರೆ ಮನೆಗಿಲ್ಲ. ಹಾಗಾಗಿ ಮನೆ ಬಾಡಿಗೆಗೂ ಕೌನ್ಸಿಲ್ ತೆರಿಗೆಗೂ ಸಹಾಯಧನ ಬರುತ್ತಿತ್ತು, ಒಂಟಿ ಹೆಂಗಸು ಎಂಬ ಲೆಕ್ಕದಲ್ಲಿ. ಗಂಡನಂತೆ ಯಾರಾದರೂ ಜೊತೆಗಿದ್ದರೆ ಅದಕ್ಕೆ ಕತ್ತರಿ ಬೀಳುತ್ತಿತ್ತು. ಆಮೇಲೆ ವಾಲ್ಟ್ ಟಾಸ್ಕರ್ ಬಂದ. ಮೀನು ಹಿಡಿಯುವ ಟ್ರಾಲರು ದೋಣಿಗಳಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದವ. ಸೊಂಟದ ಆಪರೇಷನ್ ಆದಾಗ ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ಒಂದೆರಡು ತಿಂಗಳಿಗೆಂದು ಬಂದಿದ್ದ. ಗುಣವಾಯಿತು. ಅವನು ಹೊರಡಲಿಲ್ಲ, ಅವಳು ಹೊರಡು ಅನ್ನಲಿಲ್ಲ. ಹೀಗೆ ಮೂರು ವರ್ಷ. ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೌನ್ಸಿಲ್‌ನವರು ವರ್ಷವರ್ಷ ಕೇಳಿದಾಗ ಅವಳು ಇಲ್ಲ ಎಂದೇ ಬರೆದು ಕಳಿಸಿದಳು. ಮೊದಲ ಸಲ, ಇವತ್ತಲ್ಲ ನಾಳೆ ಹೋಗುತ್ತಾನಲ್ಲ ಅಂತ. ಆಮೇಲಿನ ಸಲಗಳಲ್ಲಿ, ಮೊದಲು ಬರೆದದ್ದಕ್ಕೆ ಹೆದರಿ.

ಈಗ ಯಾರೋ ಕೌನ್ಸಿಲ್‌ಗೆ ಫೋನ್ ಮಾಡಿ ಹೇಳಿದ್ದರು.

ವಿಚಾರಣೆ ಮಾಡಿದವಳು ಮಿಸ್ ಓಕ್ಲಿ, ಮೂವತ್ತರ ಆಸುಪಾಸಿನ ಹುಡುಗಿ. ಗದರಲಿಲ್ಲ, ಗಟ್ಟಿಯಾಗಿಯೂ ಮಾತಾಡಲಿಲ್ಲ. ಗದರಿದ್ದರೆ ನೋರೀನ್ ತಿರುಗಿ ಬಿದ್ದು ನಿಜವನ್ನೇ ಹೇಳುತ್ತಿದ್ದಳೋ ಏನೋ.

"ಮಿಸ್ಟರ್ ಟಾಸ್ಕರ್ ನಿಮ್ಮ ಮನೇಲಿ ಇದಾರಲ್ವಾ? ಅವರು ನಿಮಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ," ಎಂದಳು ನೋರೀನ್. "ಹಿಂದಿನ ಕೋಣೇಲಿ ಬಾಡಿಗೆಗಿದಾನೆ. ಅದೂ ಏನು, ವಾರಕ್ಕೆ ಇಪ್ಪತ್ತು ಪೌಂಡು."

"ಒಟ್ಟಿಗೆ ಊಟ ಮಾಡ್ತೀರಾ?"

"ಅವನ ಪಾಡಿಗೆ ಅವನು ಮಾಡ್ಕೋತಾನೆ."

"ಬಟ್ಟೆ ಯಾರು ಒಗೀತಾರೆ?"

"ಅಯ್ಯೋ, ಅವನ ಚಡ್ಡಿ ನಾನ್ಯಾಕೆ ಒಗೀಲಿ ತಾಯಿ? ದಿಕ್ಕಿಲ್ಲದೋನು, ಪಾಪ ಅಂತ ಇಟ್ಕೊಂಡಿದೀನಿ. ಬೇರೆ ಜಾಗ ಸಿಕ್ಕಿದ್ರೆ ಇವತ್ತೇ ಕಳಿಸ್ತೀನಿ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಬಾಯಿಗೆ ತಾನಾಗಿ ಬಂದಿತ್ತು. ಹೇಳಿಕೆಯನ್ನು ಓದಿ ಸಹಿ ಮಾಡುವಾಗ ಆ ಸಾಲು ಅಚ್ಚಾಗಿ ಕಣ್ಣಿಗೆ ಬಿತ್ತು. ಅಳಿಸಿ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಮನೆಗೆ ಬಂದು ವಾಲ್ಟ್‌ಗೆ ಅರ್ಧ ಹೇಳಿದಳು. ಬಾಡಿಗೆಯವನು ಅಂದೆ, ನಿನ್ನನ್ನೂ ಕರೆದರೆ ಹಾಗೇ ಹೇಳು, ಇಷ್ಟೇ. ಅವನು ಆಲೂಗಡ್ಡೆ ಸುಲಿಯುತ್ತಿದ್ದವನು ತಲೆ ಎತ್ತದೆ, "ಸರಿ ಬಿಡು, ನಿನಗೆ ಅನುಕೂಲ ಆಗೋದಾದ್ರೆ," ಎಂದ.

ಮರುವಾರ ಅವನನ್ನು ಕರೆಸಿದರು. ಹೋಗಿ ಬಂದವನ ಮುಖ ಇಳಿದಿತ್ತು. ನೋರೀನ್ ಮುಂದಿಟ್ಟ ಚಹಾವನ್ನು ನಿಂತೇ ಕುಡಿದ.

"ನೀನು ಹೇಳಿದ್ದನ್ನ ಓದಿ ಹೇಳಿದ್ರು," ಎಂದ. "ಹೌದು ಅಂತ ಸಹಿ ಹಾಕಿ ಬಂದೆ."

"ಎಲ್ಲಾನೂ ಓದಿದ್ರಾ?"

"ಎಲ್ಲಾನೂ."

ಅಷ್ಟು ಹೇಳಿ ಮಹಡಿಗೆ ಹೋದ. ಸ್ವಲ್ಪ ಹೊತ್ತಿಗೆ ಮೇಲೆ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ಇಸ್ತ್ರಿ ಮೇಜು, ಹಳೇ ಸೂಟ್‌ಕೇಸು, ಕ್ರಿಸ್ಮಸ್ ಮರದ ಪೆಟ್ಟಿಗೆ ಎಲ್ಲವನ್ನೂ ಹಿಂದಿನ ಕೋಣೆಯಿಂದ ಹೊರಗೆ ಜೋಡಿಸಿ, ಮಡಚುವ ಮಂಚವನ್ನು ಬಿಚ್ಚುತ್ತಿದ್ದ.

"ಇದೇನೋ ನಾಟಕ?"

"ನಾಟಕ ಅಲ್ಲ ನೋರೀನ್. ನಾಳೆ ಅವರು ಬಂದು ನೋಡಿದ್ರೆ? ನೀನು ಸುಳ್ಳುಗಾರ್ತಿ ಆಗಬಾರದು."

ಎರಡು ದಿನದಲ್ಲಿ ಬೇಸರವಾಗಿ ಬಿಡುತ್ತಾನೆ ಅಂದುಕೊಂಡಳು. ಬಿಡಲಿಲ್ಲ. ದೋಣಿಯಲ್ಲಿ ಕ್ಯಾಪ್ಟನ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ ಬಂದ ಮನುಷ್ಯ. ಪೇಟೆಯಿಂದ ತನಗೇ ಅಂತ ಒಂದು ಸಣ್ಣ ಕೆಟಲು ತಂದ. ತನ್ನ ಬಟ್ಟೆಯನ್ನು ಗಂಟು ಕಟ್ಟಿ ಕಾಸು ಹಾಕಿ ತಾನೇ ಒಗೆದುಕೊಳ್ಳುವ ಲಾಂಡ್ರಿಗೆ ಹೊತ್ತ. ಶುಕ್ರವಾರ ಬೆಳಿಗ್ಗೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಇಪ್ಪತ್ತು ಪೌಂಡಿನ ನೋಟು ಇಟ್ಟ. ಅಡುಗೆಮನೆಗೆ ಬರುವ ಮುಂಚೆ ಬಾಗಿಲು ತಟ್ಟತೊಡಗಿದ.

"ಮಿಸೆಸ್ ಬ್ಲಾಂಚರ್ಡ್, ಒಲೆ ಖಾಲಿ ಇದ್ರೆ ಹೇಳಿ. ಒಂದು ಹ್ಯಾಡಾಕ್ ಮೀನು ಬೇಯಿಸ್ಕೋಬೇಕಿತ್ತು."

ಮೊದಲು ಅವಳು ನಕ್ಕಳು. ಅವನು ನಗಲಿಲ್ಲ. ಕೊಂಕು ನುಡಿಯುತ್ತಿದ್ದಾನೆಯೇ ಎಂದು ಮುಖ ನೋಡಿದಳು. ಅದೂ ಇರಲಿಲ್ಲ. ಬೇರೆಯವರ ಮನೆಯಲ್ಲಿರುವವನು ಹೇಗೆ ನಿಲ್ಲುತ್ತಾನೋ ಹಾಗೆ ಹೊಸ್ತಿಲಾಚೆ ನಿಂತಿದ್ದ. ಮೂರು ವರ್ಷ 'ನೀನು' ಎಂದ ಬಾಯಿಂದ ಬಂದ ಆ ಬಹುವಚನ ಅವಳ ಕಪಾಳಕ್ಕೆ ಹೊಡೆದಂತಾಯಿತು. ಮೀನು ಬೇಯುವ ತನಕ ಸಿಂಕಿನ ಕಡೆ ತಿರುಗಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಅದೇ ತಿಂಗಳು ಕೌನ್ಸಿಲ್‌ನಿಂದ ಉತ್ತರ ಬಂತು. ದೂರಿಗೆ ಆಧಾರ ಸಿಕ್ಕಿಲ್ಲ, ಬಾಡಿಗೆಯವರಿದ್ದರೆ ಮುಂದೆ ತಿಳಿಸಬೇಕು, ಸಹಾಯಧನ ಮುಂದುವರಿಯುತ್ತದೆ. ಅಂದರೆ ನೋರೀನ್ ಗೆದ್ದಿದ್ದಳು.

"ಮುಗೀತಲ್ಲ, ಇನ್ನು ಸಾಮಾನು ನಮ್ಮ ಕೋಣೆಗೆ ತಗೊಂಡು ಬಾ," ಎಂದಳು ಅವನಿಗೆ.

"ಬೇಡ," ಎಂದ ವಾಲ್ಟ್. "ಈಗ ಬಂದ್ರೆ ಸುಳ್ಳಾಗುತ್ತೆ. ಇಲ್ಲಿ ಇದ್ರೆ ನಿಜ."



ವಾಲ್ಟ್ ಬರೀ ಬಾಡಿಗೆಯವನು ಎಂಬ ಸುದ್ದಿ ಬೀದಿಗೆ ತಿಳಿದಿತ್ತು. ಅವನು ಲಾಂಡ್ರಿಯಲ್ಲಿ ಕೂತಿರುತ್ತಿದ್ದುದನ್ನು ಎಲ್ಲರೂ ನೋಡುತ್ತಿದ್ದರು. ಒಂದು ಶನಿವಾರ ಕ್ಲಬ್ಬಿನಲ್ಲಿ ಬಿಂಗೊ ಆಡುವಾಗ ಎದುರುಮನೆಯ ವಿಧವೆ ಬೆರಿಲ್ ಸ್ಟಾಂಪ್, ನೋರೀನಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತಳು.

"ಏನೇ, ನಿನ್ನ ಬಾಡಿಗೆಯೋನು ಹೇಗಿದಾನೆ?"

"ಇದಾನೆ."

"ನಾನೊಬ್ಬಳು ಪೆದ್ದಿ. ಇಷ್ಟು ದಿನ ನಿಮ್ಮಿಬ್ಬರ ಮಧ್ಯೆ ಏನೋ ಇದೆ ಅಂದ್ಕೊಂಡು ಸುಮ್ನಿದ್ದೆ. ಇಲ್ಲ ಅಂದ್ಮೇಲೆ ಕೇಳೋದ್ರಲ್ಲಿ ತಪ್ಪೇನು? ಲಿಂಕನ್ ಊರಿನ ಕ್ರಿಸ್ಮಸ್ ಸಂತೆಗೆ ಕ್ಲಬ್ಬಿಂದ ಬಸ್ಸು ಹೊರಡುತ್ತೆ. ಬರ್ತೀರಾ ಅಂತ ಅವನನ್ನ ಕೇಳಿದೀನಿ. ನಿನಗೇನೂ ಇಲ್ಲ ತಾನೆ?"

ಮೇಜಿನ ಸುತ್ತ ಇದ್ದವರೆಲ್ಲ ನೋರೀನಳ ಮುಖ ನೋಡಿದರು. ಅವಳು ತನ್ನ ಚೀಟಿಯ ಮೇಲೆ ಕಣ್ಣಿಟ್ಟು, "ನನಗೇನು? ಅವನಿಷ್ಟ," ಎಂದಳು. ಆಮೇಲೆ ಕರೆದ ಅಂಕಿಗಳು ಒಂದೂ ಅವಳ ಕಿವಿಗೆ ಬೀಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ವಾಲ್ಟ್ ಬಾಗಿಲು ತಟ್ಟಿ ಬಂದ. ಕ್ಯಾಪ್ ಕೈಯಲ್ಲಿತ್ತು.

"ಬೆರಿಲ್ ಕರೀತಿದಾಳೆ ಲಿಂಕನ್ನಿಗೆ. ಇನ್ನೂ ಏನೂ ಹೇಳಿಲ್ಲ. ಏನು ಹೇಳಲಿ ಅಂತ ಗೊತ್ತಾಗ್ತಿಲ್ಲ, ಮಿಸೆಸ್ ಬ್ಲಾಂಚರ್ಡ್."

"ನನ್ನ ಯಾಕೆ ಕೇಳ್ತೀಯ?"

"ಇನ್ಯಾರನ್ನ ಕೇಳಲಿ?"

ಆ ಮುದುಕನ ದನಿ ಒಡೆದಿತ್ತು. ಆಗ ನೋರೀನಳಿಗೆ ಗೊತ್ತಾಯಿತು: ಇಷ್ಟು ದಿನವೂ ಇವನಿಗೆ ಇದು ಆಟವಾಗಿರಲಿಲ್ಲ. 'ಬೇರೆ ಜಾಗ ಸಿಕ್ಕಿದ್ರೆ ಇವತ್ತೇ ಕಳಿಸ್ತೀನಿ' ಅನ್ನುವ ಸಾಲನ್ನು ಅವನು ನಂಬಿಬಿಟ್ಟಿದ್ದ. ಪೂರ್ತಿ ಅಲ್ಲದಿದ್ದರೂ, ರಾತ್ರಿ ನಿದ್ದೆ ಕೆಡುವಷ್ಟು ನಂಬಿದ್ದ. ಅವಳ ಕಿವಿ ಕತ್ತು ಎಲ್ಲ ಬಿಸಿಯಾಯಿತು. ಹೋಗಬೇಡ ಅನ್ನಬಹುದಿತ್ತು. ಯಾವ ಹಕ್ಕಿನಿಂದ ಅನ್ನಬೇಕು?

"ಎರಡು ದಿನ ತಡಿ," ಎಂದಷ್ಟೇ ಹೇಳಿದಳು.

ಸೋಮವಾರ ಶಾಲೆಯ ಕೆಲಸ ಮುಗಿಸಿ, ಬ್ಲೀಚಿನ ವಾಸನೆಯ ಕೈಯಲ್ಲೇ ಕೌನ್ಸಿಲ್‌ಗೆ ಹೋದಳು. ಮಿಸ್ ಓಕ್ಲಿ ಅವಳನ್ನು ಗುರುತು ಹಿಡಿದಳು.

"ನಿಮ್ಮ ವಿಷಯ ಮುಗಿದಿದೆಯಲ್ಲ ಮಿಸೆಸ್ ಬ್ಲಾಂಚರ್ಡ್. ಕಾಗದ ತಲುಪಲಿಲ್ವಾ?"

"ತಲುಪಿತು. ನಾನು ಹೇಳಿದ್ದು ಸುಳ್ಳು."

ಮಿಸ್ ಓಕ್ಲಿ ಪೆನ್ನು ಕೆಳಗಿಟ್ಟಳು. ಇನ್ನೊಂದು ಮಾತು ಆಡುವ ಮುಂಚೆ ವಕೀಲರನ್ನು ಕಾಣುವುದು ಒಳ್ಳೆಯದು ಎಂದಳು. ಪಡೆದದ್ದಷ್ಟನ್ನೂ ಹಿಂದಕ್ಕೆ ಕಟ್ಟಬೇಕಾಗುತ್ತದೆ, ಕೋರ್ಟಿಗೂ ಹೋಗಬಹುದು ಎಂದಳು. ನೋರೀನ್ ಎಲ್ಲದಕ್ಕೂ ತಲೆಯಾಡಿಸಿದಳು. ಮುಂದಿನ ವಾರ ಸಲಹಾ ಕೇಂದ್ರದ ವಕೀಲನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತು ದಾಖಲಿಸುವ ಟೇಪು ಓಡುತ್ತಿರುವಾಗ, ಅವವೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಟ್ಟಳು.

"ಬಟ್ಟೆ ಯಾರು ಒಗೀತಾರೆ?"

"ನಾನೇ. ಅಡುಗೆ ಅವನು. ನನ್ನ ಕೈ ಅಡುಗೆ ಅವನಿಗೆ ಸೇರಲ್ಲ."

"ಮಲಗೋದು?"

ಅವಳು ಮೇಜಿನ ಅಂಚನ್ನು ನೋಡಿದಳು. ಮಗಳ ವಯಸ್ಸಿನ ಹುಡುಗಿಯ ಮುಂದೆ, ಮೊಮ್ಮಗನಂತಿದ್ದ ವಕೀಲನ ಮುಂದೆ ಇದನ್ನು ಹೇಳಬೇಕಿತ್ತು. "ಒಂದೇ ಕಡೆ. ನಾನು ಆ ಮಾತು ಆಡೋ ತನಕ."

"ಹಾಗಾದ್ರೆ ಅವರು ನಿಮಗೆ ಏನಾಗಬೇಕು?"

"ಗಂಡ ಅನ್ನೋಕೆ ಮದುವೆ ಆಗಿಲ್ಲ. ಆದ್ರೆ ಅವನನ್ನ ಬಿಟ್ರೆ ನನಗೆ ಯಾರೂ ಇಲ್ಲ ತಾಯಿ."

ಮನೆಗೆ ಹಗುರಾಗಿ ಬಂದಳು. ವಾಲ್ಟ್‌ಗೆ ಎಲ್ಲ ಹೇಳಿದರೆ ಸಂತೋಷಪಡುತ್ತಾನೆ ಅಂತ ಎಣಿಸಿದ್ದಳು. ಅವನು ಕೆಂಡವಾದ.

"ನನ್ನ ಒಂದು ಮಾತು ಕೇಳಿದ್ಯಾ? ಹುಟ್ಟಿದಾಗಿಂದ ಯಾವ ಆಫೀಸಿನಲ್ಲೂ ಸುಳ್ಳು ಹೇಳಿದೋನಲ್ಲ ನಾನು. ನಿನಗೋಸ್ಕರ ಒಂದ್ಸಲ ಹೇಳಿದೆ. ಅದನ್ನೂ ನೀನೇ ಹೋಗಿ ಬಯಲು ಮಾಡಿ ಬಂದ್ಯಲ್ಲ. ಈಗ ಆ ಹುಡುಗಿ ನನ್ನ ಏನಂದ್ಕೊಂಡಿರ್ತಾಳೆ?"

ಅವಳಿಗೆ ಇದು ಹೊಳೆದೇ ಇರಲಿಲ್ಲ. ತನ್ನ ಮೇಲಿನ ಕೊಳೆ ತೊಳೆದುಕೊಳ್ಳುವ ಆತುರದಲ್ಲಿ ಅವನ ಮುಖಕ್ಕೆ ಮಸಿ ಬಳಿದಿದ್ದಳು. ಕ್ಷಮಿಸು ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಮರುದಿನ ಶವಸಂಸ್ಕಾರಗಳಿಗೆ ಮಾತ್ರ ಹಾಕುವ ಕಪ್ಪು ಸೂಟು ಹಾಕಿ, ತಾನೇ ಹೋಗಿ ಮಿಸ್ ಓಕ್ಲಿಯ ಮುಂದೆ ನಿಂತು ತಪ್ಪೊಪ್ಪಿಕೊಂಡು ಬಂದ. ಬೆರಿಲ್‌ಗೂ ಬರುವುದಿಲ್ಲ ಎಂದು ಹೇಳಿ ಬಂದ. ಆದರೆ ನೋರೀನಳ ಜೊತೆ ಹಲವು ದಿನ ಮಾತಿಲ್ಲ. ಮಂಚ ಹಿಂದಿನ ಕೋಣೆಯಲ್ಲೇ ಇತ್ತು.

ಕೋರ್ಟಿನ ತನಕ ಹೋಗಲಿಲ್ಲ. ತಾನಾಗಿ ಬಂದು ಹೇಳಿದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಮೂರು ವರ್ಷದ ಬಾಡಿಗೆಯದ್ದೂ ತೆರಿಗೆಯದ್ದೂ ಸೇರಿ ಹೆಚ್ಚಾಗಿ ಪಡೆದದ್ದು ದೊಡ್ಡ ಮೊತ್ತವೇ ಆಗಿತ್ತು. ವಾರವಾರ ಪೋಸ್ಟ್ ಆಫೀಸಿನಲ್ಲಿ ಕಟ್ಟಿ ತೀರಿಸಬೇಕೆಂದು ತೀರ್ಮಾನವಾಯಿತು. ಮೊದಲ ಕಂತಿಗೆ ಅವಳು ಕೋಟು ಹಾಕಿಕೊಳ್ಳುತ್ತಿದ್ದಾಗ ವಾಲ್ಟ್ ಮೆಟ್ಟಿಲಿಳಿದು ಬಂದ.

"ನಿಲ್ಲು, ನಾನೂ ಬರ್ತೀನಿ," ಎಂದ. "ನನ್ನ ಪಿಂಚಣಿಯಿಂದ ಅರ್ಧ."

"ಬೇಡ ವಾಲ್ಟ್. ತಪ್ಪು ನಂದು."

"ಮಾತು ಬೇಡ, ನಡಿ. ಬಾಗಿಲು ಹಾಕು, ಗಾಳಿ ನುಗ್ತಿದೆ."

ಪೋಸ್ಟ್ ಆಫೀಸಿನಲ್ಲಿ ಉದ್ದ ಸಾಲಿತ್ತು. ಅವರ ಹಿಂದೆಯೇ ಶಾಲೆಯ ಕಾವಲುಗಾರ ಕ್ಲಿಫ್ ಬಂದು ನಿಂತ. ನೋರೀನ್ ಕಂತು ಕಟ್ಟಲು ಕೊಟ್ಟಿದ್ದ ಕೌನ್ಸಿಲ್ ಕಾರ್ಡನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಅವನು ಅಷ್ಟರಲ್ಲೇ ನೋಡಿಬಿಟ್ಟಿದ್ದ.

"ಏನು ನೋರೀನ್, ಕೌನ್ಸಿಲ್‌ನೋರು ನಿನ್ನನ್ನೂ ಹಿಡ್ಕೊಂಡ್ರಾ?"

ಅವಳ ಮುಖ ಕೆಂಪೇರಿತು. ನಾಳೆ ಬೆಳಿಗ್ಗೆ ಸ್ಟಾಫ್ ಕೋಣೆಯಲ್ಲೆಲ್ಲ ಇದೇ ಮಾತಾಗುತ್ತದೆ. ಏನೋ ಬೇರೆ ಹೇಳೋಣ ಅನ್ನಿಸಿತು, ಬಾಯಿಗೂ ಬಂತು. ತಡೆದುಕೊಂಡಳು.

"ನಮಗೆ ಬರಬಾರದ ದುಡ್ಡು ತಗೊಂಡಿದ್ವಿ ಕ್ಲಿಫ್. ವಾಪಸ್ ಕಟ್ತಿದೀವಿ."

ಕ್ಲಿಫ್ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡ. ಮುಂದೆ ನಿಂತಿದ್ದ ವಾಲ್ಟ್ ತಿರುಗಿದ.

"ತಗೊಂಡಿದ್ದು ಇವಳು," ಎಂದ. "ತಿಂದಿದ್ದು ಇಬ್ಬರೂ." ಆಮೇಲೆ ಅವಳ ಮೊಣಕೈ ಹಿಡಿದು, ಖಾಲಿಯಾದ ಕೌಂಟರಿನ ಕಡೆ ಮೆಲ್ಲಗೆ ನೂಕಿದ.