ತಮ್ಮನ ರಕ್ತ ಜಗಳಕ್ಕೆ ನಿಂತರೆ

ನನ್ನ ಅಕ್ಕ ದಾಗ್ನಿ ಓರ್ಹುಸ್ ಪಟ್ಟಣದಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದಳು. ಜ್ವರ ಬಂದರೂ ರಜೆ ಹಾಕುವವಳಲ್ಲ. ಅಂಥವಳಿಗೆ ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಸಂಜೆಯ ಹೊತ್ತಿಗೆ ದೊಡ್ಡಾಸ್ಪತ್ರೆಯ ಹಾಸಿಗೆಯ ಮೇಲಿದ್ದಳು. ರಕ್ತದ ಕ್ಯಾನ್ಸರ್ ಎಂದರು.

ಮೊದಲ ಸುತ್ತಿನ ಔಷಧಿಗೆ ರೋಗ ತಗ್ಗಿತು. ಆದರೆ ಡಾಕ್ಟರ್ ಸಿಡ್ಸೆಲ್‌ಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: "ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಟ್ಟಿರೋದು ಅದೇ. ಅದನ್ನ ಔಷಧಿ ಕೊಟ್ಟು ಪೂರ್ತಿ ಬರಿದು ಮಾಡಿ, ಹೊಂದೋ ಒಬ್ಬರ ಕಾಂಡಕೋಶ ತಂದು ನಿಮ್ಮ ರಕ್ತಕ್ಕೆ ಬಿಡ್ತೀವಿ. ಅವು ತಾವೇ ದಾರಿ ಹುಡುಕ್ಕೊಂಡು ಮೂಳೆಗೆ ಹೋಗಿ ಕೂತು, ಹೊಸ ರಕ್ತ ಹುಟ್ಟಿಸ್ತವೆ."

"ನನ್ನದೇ ತಗೊಳ್ಳಿ," ಎಂದೆ. ನಾನು ಮೆರೆಟೆ, ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು. ಊರಿನಲ್ಲಿ ಒಂದು ಕ್ಷೌರದಂಗಡಿ ಇಟ್ಟುಕೊಂಡಿದ್ದೇನೆ. ಮೂವತ್ತು ವರ್ಷದಿಂದ ಅವಳ ಕೂದಲು ಕತ್ತರಿಸಿದ್ದು ನಾನೇ, ಕೊನೆಗೆ ಬೋಳಿಸಿದ್ದೂ ನಾನೇ. ಇಬ್ಬರೂ ಒಂದೇ ಬೀದಿಯಲ್ಲಿದ್ದೆವು. ನನ್ನದಲ್ಲದೆ ಇನ್ನು ಯಾರದು ಹೊಂದೀತು?

ನನ್ನ ಕೆನ್ನೆಯೊಳಗೆ ಹತ್ತಿಕಡ್ಡಿ ತಿರುವಿಕೊಂಡು ಹೋದರು. ನಮ್ಮ ತಮ್ಮ ಬ್ಯಾರ್ಕೆಯದನ್ನೂ ತರಿಸಿಕೊಂಡರು. ಅವನು ಹಾನ್ಸ್ಟ್‌ಹೋಮ್ ಬಂದರಿನ ಮೀನಿನ ದೋಣಿಯಲ್ಲಿರುವವನು. ಅಮ್ಮನ ಮಣ್ಣಿಗೂ ಸಮುದ್ರ ಬಿಟ್ಟು ಬಂದಿರಲಿಲ್ಲ. ಅಂದಿನಿಂದ ಯಾರಾದರೂ ಅವನ ಹೆಸರೆತ್ತಿದರೆ ಅಕ್ಕ ಎದ್ದು ಹೋಗುತ್ತಿದ್ದಳು.

ಫಲಿತಾಂಶ ಬಂತು. ನನ್ನದು ಒಂದಿಷ್ಟೂ ಹೊಂದಲಿಲ್ಲ. ಬ್ಯಾರ್ಕೆಯದು ಪೂರ್ತಿ ಹೊಂದಿತು.

"ಅದು ಹೇಗೆ?" ಎಂದೆ. ನನ್ನ ದನಿ ಏರಿದ್ದು ನನಗೇ ಕೇಳಿಸಿತು.

"ಕೋಶದ ಮೇಲೆ ಗುರುತುಗಳಿರ್ತವೆ. ಇವರು ನಮ್ಮವರು, ಇವರು ಹೊರಗಿನವರು ಅಂತ ಮೈ ತಿಳಿಯೋದು ಅದರಿಂದಲೇ," ಎಂದರು ಸಿಡ್ಸೆಲ್. "ಅಪ್ಪನ ಹತ್ತಿರ ಎರಡು ಕಂತೆ, ಅಮ್ಮನ ಹತ್ತಿರ ಎರಡು ಕಂತೆ. ಮಗುವಿಗೆ ಇಬ್ಬರಿಂದಲೂ ಒಂದೊಂದು. ದಾಗ್ನಿಗೂ ಬ್ಯಾರ್ಕೆಗೂ ಅವೇ ಎರಡು ಬಂದಿವೆ. ನಿಮಗೆ ಉಳಿದೆರಡು. ನಾಲ್ಕರಲ್ಲಿ ಒಬ್ಬರಿಗೆ ಹೊಂದುತ್ತೆ, ಅಷ್ಟೇ ಲೆಕ್ಕ. ಪ್ರೀತಿಗೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಸಿಗದೇ ಹೋಗಿದ್ರೆ ಜರ್ಮನಿ, ಪೋಲೆಂಡ್ ಅಂತ ಗುರುತೇ ಇಲ್ಲದವರಲ್ಲಿ ಹುಡುಕಬೇಕಿತ್ತು."

ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು. "ಗುರುತಿಲ್ಲದವರೇ ಆಗಿದ್ರೆ ಚೆನ್ನಾಗಿತ್ತು," ಎಂದಳು.

ಆದರೂ ಬ್ಯಾರ್ಕೆ ಬಂದ. ಬೆನ್ನಿಗೊಂದು ಚೀಲ, ಗಡ್ಡದ ತುಂಬ ಉಪ್ಪುಗಾಳಿ. ನನ್ನ ಮನೆಯ ಸೋಫಾದ ಮೇಲೆ ಇಳಿದುಕೊಂಡ. ಅತ್ತ ಅಕ್ಕನನ್ನು ಒಂಟಿ ಕೋಣೆಗೆ ಸೇರಿಸಿ, ಮಜ್ಜೆ ಬರಿದು ಮಾಡುವ ಔಷಧಿ ಶುರುಮಾಡಿದರು. ಇತ್ತ ದಿನವೂ ಬ್ಯಾರ್ಕೆಯ ಹೊಟ್ಟೆಗೆ ಸೂಜಿ. ಮೂಳೆಯೊಳಗಿನ ಕಾಂಡಕೋಶಗಳು ಮರಿ ಹಾಕಿ, ಕಿಕ್ಕಿರಿದು, ರಕ್ತಕ್ಕೆ ಉಕ್ಕಿ ಬರಲಿ ಎಂದು.

"ಸೊಂಟದೊಳಗೆ ಯಾರೋ ಬಡಿಗೆ ತಗೊಂಡು ಬಾರಿಸ್ತಿದಾರೆ ಕಣೇ," ಎಂದು ಅವನು ನರಳುತ್ತಿದ್ದ.

"ಬಾರಿಸಲಿ ಬಿಡು. ಹೊರಗೆ ಹೋಗಬೇಡ, ಗಾಳಿ ಇದೆ. ಟೋಪಿ ಹಾಕ್ಕೋ."

"ಉತ್ತರ ಸಮುದ್ರದಲ್ಲಿ ಇಪ್ಪತ್ತು ವರ್ಷ ಬದುಕಿದೀನಿ. ನಿನ್ನ ಕೈಯಲ್ಲಿ ನಾಲ್ಕು ದಿನ ಬದುಕೋದು ಕಷ್ಟ."

ಅವನು ಸೀನಿದರೆ ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ. ಮೆಟ್ಟಿಲು ಇಳಿದರೆ ಬಿದ್ದಾನೆಂಬ ಭಯ. ಅಂಗಡಿಯಲ್ಲಿ ಕೂದಲು ಕತ್ತರಿಸುತ್ತಲೇ ಮನೆಗೆ ಫೋನು ಮಾಡುತ್ತಿದ್ದೆ. ಒಬ್ಬ ಗಿರಾಕಿಯ ಕಿವಿ ತರಚಿಯೂ ಬಿಟ್ಟೆ. ಅಕ್ಕನ ಔಷಧಿ ಮುಗಿದ ದಿನ ಸಿಡ್ಸೆಲ್ ಒಂದು ಮಾತು ಹೇಳಿದ್ದರು: "ಇನ್ನು ಹಿಂದಕ್ಕೆ ದಾರಿ ಇಲ್ಲ. ಅವರ ಸ್ವಂತ ಮಜ್ಜೆ ಈಗ ಇಲ್ಲ."

ಮಾರನೆಯ ಬೆಳಿಗ್ಗೆ ಬ್ಯಾರ್ಕೆಯ ಸರದಿ. ಅಂಗಡಿ ಬೇಗ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದೆ. ಸೋಫಾ ಖಾಲಿ. ಫೋನು ದಿಂಬಿನ ಮೇಲೆಯೇ ಬಿದ್ದಿತ್ತು. ಟೋಪಿ ಗೂಟದಲ್ಲಿತ್ತು.

ಸೈಕಲ್ ಹತ್ತಿದೆ. ಬಂದರಿನ ದೋಣಿಗಳವರನ್ನು ಕೇಳಿದೆ, ಮೈಲ್‌ಗಾಡೆ ಬೀದಿಯ ಹೆಂಡದಂಗಡಿಗಳಿಗೆ ಕತ್ತು ತೂರಿಸಿದೆ, ಬಸ್ ನಿಲ್ದಾಣದಲ್ಲಿ ಹಾನ್ಸ್ಟ್‌ಹೋಮ್ ಕಡೆಗೆ ಹೊರಟವರ ಮುಖಗಳನ್ನೆಲ್ಲ ನೋಡಿದೆ. ಎಲ್ಲೂ ಇಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ನನಗೆ ಸಿಕ್ಕಬೇಕಾದದ್ದು ಇವನಿಗೆ ಸಿಕ್ಕಿತಲ್ಲ, ಅದನ್ನು ಹೊತ್ತುಕೊಂಡು ಓಡಿಹೋದನಲ್ಲ ಎಂಬ ಸಿಟ್ಟು. ಆಸ್ಪತ್ರೆಗೆ ಹೇಳಲೋ ಬೇಡವೋ ಎಂದು ಎರಡು ಸಲ ಫೋನು ತೆಗೆದು ಜೇಬಿಗೆ ಹಾಕಿದೆ. ಕೊನೆಗೆ ರೀಸ್ ಸ್ಕೋವ್ ಕಾಡಿನ ಕೆಳಗೆ, ಬೇಸಿಗೆಯಲ್ಲಿ ಜನ ಈಜುವ ಮರದ ಕಟ್ಟೆಯ ತುದಿಯಲ್ಲಿ, ಬರಿದಲೆಯಲ್ಲಿ ಕೂತಿದ್ದವನು ಕಣ್ಣಿಗೆ ಬಿದ್ದ. ಕಾಲು ನೀರಿನ ಮೇಲೆ ತೂಗಾಡುತ್ತಿತ್ತು.

"ಲೋ ಕತ್ತೆ!" ಎಂದು ಕೂಗಿದೆ. "ಸಾಯ್ಬೇಕು ಅಂತಿದ್ರೆ ನಾಡಿದ್ದು ಸಾಯಿ!"

ಅವನು ನಗಲಿಲ್ಲ. "ಆ ಡಾಕ್ಟರು ಹೇಳಿದ್ದು ಕೇಳಿದ್ಯಾ ಮೆರೆಟೆ? ಕೊಟ್ಟವರ ಕೋಶ ಕೆಲವು ಸಲ ತಗೊಂಡವರ ಮೈಮೇಲೇ ಬೀಳುತ್ತಂತೆ. ಚರ್ಮ, ಹೊಟ್ಟೆ, ಪಿತ್ತಕೋಶ... ಹೊರಗಿನವರ ಮನೆ ಅಂತ ಹೊಡೆದು ಹಾಕುತ್ತಂತೆ."

"ಪಿತ್ತಕೋಶ ಅಲ್ಲ, ಪಿತ್ತಜನಕಾಂಗ. ಅದಕ್ಕೆ ಔಷಧಿ ಇದೆ."

"ಹುಟ್ಟಿದಾಗಿನಿಂದ ಅವಳ ಜೊತೆ ಜಗಳವಾಡಿದೀನಿ. ನನ್ನ ರಕ್ತಕ್ಕೆ ಅದು ಗೊತ್ತಿರಲ್ವಾ? ಅದು ಒಳಗೆ ಹೋಗಿ ಅವಳನ್ನ ಕೊಂದ್ರೆ? ಅಮ್ಮನ ಮಣ್ಣಿಗೆ ಬರಲಿಲ್ಲ, ಅಕ್ಕನನ್ನೂ ಮಣ್ಣು ಮಾಡಿದ ಅಂತಾರೆ."

ಆ ದೊಡ್ಡ ದೇಹ ನಡುಗುತ್ತಿತ್ತು. ಚಳಿಗೋ, ಸೂಜಿಗೋ, ಭಯಕ್ಕೋ. ನನ್ನ ಸಿಟ್ಟು ಇಳಿದು ಹೋಯಿತು. ಕೋಟು ಬಿಚ್ಚಿ ಅವನಿಗೆ ಹೊದಿಸಿದೆ.

"ಅವರು ಹೇಳಿದ್ದರಲ್ಲಿ ಅರ್ಧ ಕೇಳಿಸ್ಕೊಂಡು ಎದ್ದು ಬಂದಿದೀಯ," ಎಂದೆ. "ಸ್ವಲ್ಪ ಜಗಳ ಬೇಕು ಅಂತಲೂ ಅಂದ್ರು. ಔಷಧಿಗೆ ಸಿಗದೆ ಎಲ್ಲೋ ಅಡಗಿರೋ ರೋಗನ ಹುಡುಕಿ ಹೊಡೆಯೋದು ನಿನ್ನ ಕೋಶಗಳೇ. ತೀರಾ ಸಾಧುವಾದ ರಕ್ತ ಆದ್ರೆ ರೋಗ ವಾಪಸ್ ಬರುತ್ತಂತೆ."

"ನಿಜವಾಗ್ಲೂ?"

"ಹೂಂ. ನಾಳೆ ಅವರನ್ನೇ ಕೇಳು. ಇವತ್ತು ಎದ್ದೇಳು, ಅವಳ ಮಜ್ಜೆ ಈಗ ಖಾಲಿ ಕಣೋ. ನೀನು ಕೊಟ್ರೆ ಕೊಲ್ಲಬಹುದು, ಕೊಡದೇ ಇದ್ರೆ ಖಂಡಿತ ಕೊಲ್ತೀಯ."

ಅವನು ಎದ್ದ. ಮನೆಗೆ ಬಂದು ಬಿಸಿ ಅಂಬಲಿ ಕುಡಿದು, ಗೂಟದಲ್ಲಿದ್ದ ಟೋಪಿಯನ್ನೂ ಹಾಕಿಕೊಂಡೇ ಮಲಗಿದ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನ ಒಂದು ತೋಳಿನಿಂದ ರಕ್ತ ಹೊರಟು, ಯಂತ್ರದಲ್ಲಿ ಗಿರಗಿರ ತಿರುಗಿ, ಇನ್ನೊಂದು ತೋಳಿಗೆ ಮರಳಿತು. ಮೇಲೆ ತೂಗುಹಾಕಿದ ಚೀಲದಲ್ಲಿ ಕಾಂಡಕೋಶಗಳು ಮಾತ್ರ ಉಳಿಯುತ್ತ ಬಂದವು. ಎರಡು ಕೈಯೂ ಅಲ್ಲಾಡಿಸುವಂತಿರಲಿಲ್ಲ. ರೈ ಬ್ರೆಡ್ಡು ತುಂಡು ಮಾಡಿ ತಿನ್ನಿಸಿದೆ, ಮೂಗು ಕೆರೆದೆ.

"ಇನ್ನೂ ಎಡಕ್ಕೆ," ಎನ್ನುತ್ತಿದ್ದ. "ತುಟಿ ಜುಮ್ಮೆನ್ನುತ್ತೆ." ನರ್ಸ್ ಕ್ಯಾಲ್ಸಿಯಂ ಗುಳಿಗೆ ಅಗಿಯಲು ಕೊಟ್ಟಳು. ಮಧ್ಯಾಹ್ನ ಎಣಿಸಿ ನೋಡಿದರು. ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು.

ಅಂದೇ ಸಂಜೆ ಚೀಲ ಅಕ್ಕನ ಕೋಣೆಗೆ ಹೋಯಿತು. ನಾನು ಮುಖಗವಸು ತೊಟ್ಟು ಒಳಗಿದ್ದೆ. ಬ್ಯಾರ್ಕೆ ಗಾಜಿನ ಆಚೆ ನಿಂತಿದ್ದ. "ಇಷ್ಟೇನಾ?" ಎಂದಳು ಅಕ್ಕ. "ಟೊಮೆಟೊ ಸಾರಿನ ಹಾಗಿದೆ." ಕೊಳವೆಯಲ್ಲಿ ಕೆಂಪು ಇಳಿಯಿತು. ಅಷ್ಟೇ. ಕತ್ತರಿಯಿಲ್ಲ, ಹೊಲಿಗೆಯಿಲ್ಲ.

ಕಷ್ಟವೆಲ್ಲ ಆಮೇಲಿತ್ತು. ಬಾಯಿ ತುಂಬ ಹುಣ್ಣಾಗಿ ಅಕ್ಕ ನೀರು ನುಂಗಲಾರದಾದಳು. ಜ್ವರ ಏರಿತು. ದಿನವೂ ರಕ್ತ ಪರೀಕ್ಷೆ, ದಿನವೂ ಬಿಳಿ ಕಣ ಸೊನ್ನೆ. ಬ್ಯಾರ್ಕೆ ದೋಣಿಗೆ ಹಿಂತಿರುಗಬಹುದಿತ್ತು, ಹೋಗಲಿಲ್ಲ. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಅವನ ಹಿಂದೆ ನಾನೂ. ಮೂರನೆಯ ವಾರ ಸೊನ್ನೆ ಅಲುಗಿತು, ಮರುದಿನ ಏರಿತು, ಮತ್ತೆ ಏರಿತು. "ನಿಮ್ಮವರು ಮನೆ ಹುಡುಕ್ಕೊಂಡರು," ಎಂದು ಸಿಡ್ಸೆಲ್ ಬ್ಯಾರ್ಕೆಯ ಬೆನ್ನು ತಟ್ಟಿದರು. ಅವನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬ್ಯಾರ್ಕೆ ದೋಣಿಗೆ ಮರಳಿದ ಮೇಲೆ ಅಕ್ಕನ ಅಂಗೈಗಳು ಕೆಂಪಾಗಿ ತುರಿಸತೊಡಗಿದವು. ಅವನಿಗೆ ಹೇಳುವುದು ಹೇಗೆಂದು ನಾನು ತಡಬಡಿಸುತ್ತಿದ್ದಾಗ ಅವಳೇ ಫೋನು ಕಿತ್ತುಕೊಂಡಳು.

"ಬ್ಯಾರ್ಕೆ, ನಿನ್ನ ಪಟಾಲಂ ಇಲ್ಲಿ ಗಲಾಟೆ ಶುರು ಮಾಡಿದೆ. ಡಾಕ್ಟರು ಇದು ಹದವಾಗಿದೆ ಅಂತಾರೆ. ನೀನು ಸುಮ್ನೆ ಮೀನು ಹಿಡಿ."

ಆ ಕಡೆಯಿಂದ ಅವನು ಏನೆಂದನೋ, ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ನಡುವೆ ಅವಳ ಬಾಯಲ್ಲಿ ಅಮ್ಮನ ಹೆಸರು ಬಂತು. ಎದ್ದು ಹೋಗಲಿಲ್ಲ.

ಮುಲಾಮು, ಗುಳಿಗೆಗಳಲ್ಲಿ ತುರಿಕೆ ಇಳಿಯಿತು. ಬೇಸಿಗೆಯ ಹೊತ್ತಿಗೆ ಅವಳ ರಕ್ತದ ಗುಂಪು ಬದಲಾಗಿ ತಮ್ಮನದೇ ಆಗಿತ್ತು. ನನಗೆ ಮಾತ್ರ ಈಗಲೂ ಅವಳ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಕತ್ತರಿ ಕೈಜಾರುತ್ತದೆ.

ಹಳೆಯ ಮಜ್ಜೆಯ ಜೊತೆ ಚಿಕ್ಕಂದಿನ ಲಸಿಕೆಗಳ ನೆನಪೂ ಅವಳ ಮೈಯಿಂದ ಅಳಿಸಿಹೋಗಿತ್ತು. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕೆಂದರು. ಹಾಗಾಗಿ ಶರತ್ಕಾಲದ ಒಂದು ದಿನ ನಮ್ಮ ಕುಟುಂಬದ ಡಾಕ್ಟರ ಕೋಣೆಯ ಹೊರಗೆ, ಕೈಗೂಸುಗಳ ತಾಯಂದಿರ ನಡುವೆ ನಾವಿಬ್ಬರೂ ಕೂತಿದ್ದೆವು. ಅಕ್ಕನ ತಲೆಯಲ್ಲಿ ಬೆರಳುದ್ದ ಕೂದಲು ಬಂದಿತ್ತು. ಒಳಗೊಂದು ಮಗು ಕಿರುಚಿತು.

"ಅಷ್ಟು ನೋಯುತ್ತಾ?" ಎಂದಳು ಅಕ್ಕ, ನನ್ನ ತೋಳು ಹಿಡಿದು.