ಮದರಂಗಿಯ ಕೆಳಗಿನ ಗುಳ್ಳೆಗಳು

ಜುಲೈ ಮೊದಲ ವಾರ ಅಮ್ಮನ ಬೆರಳುಗಳ ಪಕ್ಕದಲ್ಲಿ ಆ ಗುಳ್ಳೆಗಳನ್ನು ಮೊದಲು ಕಂಡವಳು ನಾನೇ. ಚರ್ಮದೊಳಗೆ ಯಾರೋ ಕುಸ್ಕುಸ್ಸಿನ ರವೆಕಾಳು ಹುದುಗಿಸಿಟ್ಟ ಹಾಗೆ ಗಟ್ಟಿಯಾಗಿ, ಒಳಗೆ ತಿಳಿನೀರು ತುಂಬಿಕೊಂಡಿದ್ದವು. ಒಮ್ಮೆ ಒಣಗಿ ಸಿಪ್ಪೆ ಎದ್ದಿತು. ಹೋಯಿತು ಅಂದುಕೊಳ್ಳುವಷ್ಟರಲ್ಲಿ ಅಂಗೈಗೆ, ಆಮೇಲೆ ಅಂಗಾಲಿಗೆ ಹೊಸದಾಗಿ ಎದ್ದವು. ತುರಿಕೆ ತಾಳಲಾರದೆ ಅಮ್ಮ ಪಾದವನ್ನು ಹೊಸ್ತಿಲ ಕಲ್ಲಿಗೆ ಉಜ್ಜುತ್ತಿದ್ದಳು.

ನಮ್ಮೂರು ಕೈರವಾನ್‌ನಲ್ಲಿ ವರ್ಷಕ್ಕಾಗುವ ಕುಸ್ಕುಸ್ಸನ್ನು ಹೆಂಗಸರು ಒಟ್ಟಾಗಿ ಆಗಸ್ಟಿನಲ್ಲೇ ಮಾಡಿ ಒಣಗಿಸುತ್ತೇವೆ. ಒದ್ದೆ ರವೆಯನ್ನು ಅಂಗೈಯಲ್ಲಿ ಹೊಸೆದು ಕಾಳು ಮಾಡುವುದರಲ್ಲಿ ನನ್ನಮ್ಮ ಝಕಿಯಾಗೆ ಬೀದಿಯಲ್ಲೇ ಸಮನಿಲ್ಲ. ಅವಳ ಮಾನವೆಲ್ಲ ಆ ಅಂಗೈಯಲ್ಲಿತ್ತು. ಗುರುವಾರ ಎದುರುಮನೆಯ ಸಲ್ಲೂಹಾರ ಅಂಗಳದಲ್ಲಿ ಹೊಸೆಯುವುದಿತ್ತು. ಸೋಮವಾರ ಅವರು ಅಮ್ಮನ ಕೈ ನೋಡಿಬಿಟ್ಟರು.

"ಅಯ್ಯೋ ಝಕಿಯಾ, ಇದು ಕಜ್ಜಿ ಕಣೇ! ನನ್ನ ರವೆಗೆ ಕೈ ಹಾಕೀಯ ಮತ್ತೆ!"

ಬೀದಿಗೆಲ್ಲ ಕೇಳಿಸಿತು. ಅಮ್ಮ ಒಳಗೆ ಬಂದು ಮದರಂಗಿ ಕಲಸಿ, ಕೈಗೂ ಕಾಲಿಗೂ ದಪ್ಪಗೆ ಮೆತ್ತಿಕೊಂಡಳು. ನಮ್ಮಲ್ಲಿ ಕೈಕಾಲಿನ ಯಾವ ತೊಂದರೆಗೂ ಮೊದಲ ಮದ್ದು ಅದೇ. ಉರಿ ತಣಿಯಲಿ ಎಂದಳು. ಮರೆಮಾಡಲಿಕ್ಕೂ ಹೌದು ಎಂದು ನನಗೆ ಗೊತ್ತಿತ್ತು.

ಮರುದಿನ ಡಾಕ್ಟರ್ ಬಸ್ಮಾ ಆ ಕಡುಗೆಂಪು ಅಂಗೈಗಳನ್ನು ದೀಪದ ಕೆಳಗೆ ಹಿಡಿದರು.

"ಖಾಲ್ತಿ, ಮದುವೆ ಹೆಣ್ಣಿನ ಹಾಗೆ ಬಂದಿದ್ದೀರಲ್ಲ. ಇದರಲ್ಲಿ ನಾನೇನು ನೋಡಲಿ?" ಎಂದರು. ಖಾಲ್ತಿ ಅಂದರೆ ಚಿಕ್ಕಮ್ಮ; ನಮ್ಮಲ್ಲಿ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದು.

"ನೋಡೋದು ಯಾಕೆ ಮಗಳೇ, ಔಷಧಿ ಕೊಡು."

ಮದರಂಗಿ ಹಚ್ಚುವ ಮೊದಲು ಕಂಡದ್ದನ್ನೆಲ್ಲ ನಾನು ದಿನದ ಲೆಕ್ಕದಲ್ಲಿ ಹೇಳಿದೆ. ಗುಳ್ಳೆಗೆ ಮುಂಚೆ ತುರಿಕೆ ಬರುತ್ತಿತ್ತು ಎಂಬುದನ್ನೂ ಬಿಡಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ತುರಿಕೆ ಇದೆಯಾ?"

"ಇರೋದು ನಾವಿಬ್ರೇ. ಒಂದೇ ಹಾಸಿಗೆ. ನನಗೇನೂ ಇಲ್ಲ, ದಿನಾ ಬೆಳಗ್ಗೆ ನೋಡ್ಕೋತೀನಿ."

ಅವರು ಮಣಿಕಟ್ಟು, ಹೊಟ್ಟೆ, ಕಾಲ್ಬೆರಳ ಸಂದು ನೋಡಿದರು. ಕೊನೆಗೆ ಮದರಂಗಿ ಹಿಡಿಯದೆ ಬಿಟ್ಟಿದ್ದ ಪಾದದ ಅಂಚನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದರು.

"ಕಜ್ಜಿ ಅಲ್ಲ. ಇದು ಎಕ್ಸಿಮಾದ ಒಂದು ಬಗೆ. ಬೆವರು, ಸೋಪು, ಚಿಂತೆ ಇದನ್ನ ಕೆರಳಿಸುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ."

ಮುಲಾಮು ದಿನಕ್ಕೆರಡು ಸಲ, ಎರಡು ವಾರ. ತುರಿಕೆ ಎದ್ದಾಗ ತಣ್ಣೀರು ಬಟ್ಟೆ. ಗುಳ್ಳೆ ಒಡೆಯಬಾರದು. ಪಾತ್ರೆ ತೊಳೆಯುವಾಗ ರಬ್ಬರ್ ಕೈಗವಸಿನ ಒಳಗೆ ಹತ್ತಿಯದು. ಕೀವಾದರೆ, ಜ್ವರ ಬಂದರೆ ತಕ್ಷಣ ಬರಬೇಕು. ಮದರಂಗಿ ಬೇಡವೇ ಬೇಡ, ಒದ್ದೆ ರವೆಯನ್ನೂ ಮೂರು ವಾರ ಮುಟ್ಟುವಂತಿಲ್ಲ.

"ಗುರುವಾರ ಹೋಗದೆ ಇದ್ರೆ ಕಜ್ಜಿ ಅಂತ ನಾನೇ ಒಪ್ಪಿಕೊಂಡ ಹಾಗೆ," ಎಂದಳು ಅಮ್ಮ ದಾರಿಯಲ್ಲಿ.

ಹೋದೆವು. ಅಮ್ಮ ಬಿಳಿ ಕೈಗವಸು ತೊಟ್ಟು ಗೋಡೆಗೊರಗಿ ಕೂತಳು. ಅವಳ ಬದಲಿಗೆ ನಾನು ಹೊಸೆದೆ.

"ನೀರು ಚಿಮುಕಿಸೇ, ಸುರೀಬೇಡ. ಅದು ರವೆ, ಗಿಡ ಅಲ್ಲ," ಎಂದು ಅಮ್ಮ ಕೂತಲ್ಲಿಂದಲೇ ಗದರಿದಳು.

ಡಾಕ್ಟರು ಹೇಳಿದ್ದನ್ನು ಸಲ್ಲೂಹಾರಿಗೆ ತಿಳಿಸಿದೆ. "ಡಾಕ್ಟರಮ್ಮನಿಗೇನು, ಹೇಳ್ತಾಳೆ. ಅವಳೇನು ನಮ್ಮ ಜೊತೆ ಉಣ್ಣಬೇಕಾ?" ಎಂದು ಅವರು ಜರಡಿ ಕೊಡವಿದರು.

ಮಧ್ಯಾಹ್ನ ಎಲ್ಲರೂ ಒಂದೇ ದೊಡ್ಡ ಹರಿವಾಣದ ಸುತ್ತ ಕೂತೆವು. ಸಲ್ಲೂಹಾ ಚಿಕ್ಕ ತಟ್ಟೆಯೊಂದಕ್ಕೆ ಬಡಿಸಿ ಅಮ್ಮನ ಮುಂದಿಟ್ಟರು. ಹೆಂಗಸರು ತಲೆ ತಗ್ಗಿಸಿದರು. ಅಮ್ಮ ತಟ್ಟೆಯನ್ನು ನೋಡುತ್ತಾ ಕೂತಳೇ ಹೊರತು ಮುಟ್ಟಲಿಲ್ಲ.

ನಾಲ್ಕು ಜನರ ಮುಂದೆ ಮಾತಾಡುವ ಅಭ್ಯಾಸ ನನಗಿಲ್ಲ. ಆದರೂ ಎದ್ದು ಹೋಗಿ ಸಲ್ಲೂಹಾರ ಮುಂದೆ ಎರಡೂ ಕೈ ಚಾಚಿದೆ.

"ಖಾಲ್ತಿ, ಆರು ವಾರದಿಂದ ಅಮ್ಮನ ಪಕ್ಕದಲ್ಲೇ ಮಲಗ್ತಿದ್ದೀನಿ. ಕಜ್ಜಿಯಾಗಿದ್ರೆ ನನಗೂ ಹತ್ತಬೇಕಿತ್ತಲ್ವಾ? ನೋಡಿ."

ಅವರು ನಿಜವಾಗಿಯೂ ನೋಡಿದರು. ಅಂಟಿದ್ದ ರವೆ ಒರೆಸಿ, ಬೆರಳ ಸಂದುಗಳನ್ನು ಬಿಡಿಸಿ, ಅಂಗಿಯ ತೋಳನ್ನು ಮೊಣಕೈವರೆಗೆ ಸರಿಸಿ, ಕೈಯನ್ನು ಸಂತೆಯಲ್ಲಿ ನಿಂಬೆಹಣ್ಣು ತಿರುಗಿಸುವಂತೆ ತಿರುಗಿಸಿದರು. ಯಾರೂ ತುತ್ತು ಎತ್ತಲಿಲ್ಲ. ಆಮೇಲೆ ಚಿಕ್ಕ ತಟ್ಟೆಯನ್ನು ಎತ್ತಿ ಹರಿವಾಣಕ್ಕೆ ಸುರಿದರು.

"ಬಾರೇ ಝಕಿಯಾ, ಈ ಕಡೆ ಸರಿ. ನಿನ್ನ ಮಗಳ ಕೈಯಲ್ಲಿ ಕಜ್ಜೀನೂ ಇಲ್ಲ, ಕೆಲಸಾನೂ ಇಲ್ಲ. ಕುಸ್ಕುಸ್ ಮಾಡು ಅಂದ್ರೆ ಕಡಲೆಕಾಳು ಮಾಡಿಟ್ಟಿದ್ದಾಳೆ."

"ಬೆಳಗ್ಗಿಂದ ನಾನೂ ಅದನ್ನೇ ಬಡ್ಕೋತಿದ್ದೀನಿ," ಎಂದು ಅಮ್ಮ ಮುಂದೆ ಸರಿದು ಚಮಚ ಕೈಗೆತ್ತಿಕೊಂಡಳು.